ಹಳೆಯ ಸ್ಕೂಟರ್‌ಗಳ ಕಾರ್ಬ್ಯುರೇಟರ್ ಆಯ್ಕೆ ಮತ್ತು ಜೆಟ್ಟಿಂಗ್

ಜೆಟ್ಟಿಂಗ್ ಎಂಬುದು ಕಾರ್ಬ್ಯುರೇಟರಿನ ಜೆಟ್, ಸೂಜಿ, ಸ್ಲೈಡ್ ಮೊದಲಾದ ಭಾಗಗಳನ್ನು ಬದಲಿಸಿ, ಎಂಜಿನಿಗೆ ಸೇರುವ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣವನ್ನು ಹೊಂದಿಸುವ ಕ್ರಮವಾಗಿದೆ. ಜೆಟ್ ಎಂದರೆ ನಿಖರ ಅಳತೆಯ ರಂಧ್ರವುಳ್ಳ ಸಣ್ಣ ಹಿತ್ತಾಳೆಯ ತುಣುಕು. ವೆಸ್ಪಾ, ಲ್ಯಾಂಬ್ರೆಟ್ಟಾ ಹಾಗೂ ಅವುಗಳ ವಿನ್ಯಾಸವನ್ನು ಆಧರಿಸಿದ ಭಾರತೀಯ ಸ್ಕೂಟರ್‌ಗಳಲ್ಲಿ ದೊಡ್ಡ ಸಿಲಿಂಡರ್, ಬೇರೆ ಸೈಲೆನ್ಸರ್ ಅಥವಾ ಮಾರ್ಪಡಿಸಿದ ಪೋರ್ಟ್‌ಗಳನ್ನು ಅಳವಡಿಸಿದಾಗ ಮೂಲ ಕಾರ್ಬ್ಯುರೇಟರಿನ ಜೋಡಣೆ ಹೊಂದುವುದಿಲ್ಲ. ಆಗ ತಕ್ಕ ಗಾತ್ರದ ಕಾರ್ಬ್ಯುರೇಟರನ್ನು ಆರಿಸಿ, ಅದನ್ನು ಹೊಸದಾಗಿ ಜೆಟ್ ಮಾಡಬೇಕಾಗುತ್ತದೆ. ಈ ಕೆಲಸದ ಮೊದಲ ಉದ್ದೇಶ ಪಿಸ್ಟನ್ ಮತ್ತು ಸವಾರ ಇಬ್ಬರ ರಕ್ಷಣೆ. ವೇಗದ ಹೆಚ್ಚಳ ಅದರ ನಂತರದ್ದು. ಟೂ-ಸ್ಟ್ರೋಕ್ ಎಂಜಿನಿನಲ್ಲಿ ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ ಮಿತಿಮೀರಿ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ ಮತ್ತು ಹಿಂದಿನ ಚಕ್ರ ಓಡುತ್ತಿರುವಾಗಲೇ ನಿಂತುಬಿಡುತ್ತದೆ.

ಹಿನ್ನೆಲೆ

ಇಟಲಿಯ ಪಿಯಾಜಿಯೊ ಸಂಸ್ಥೆ 1946ರಲ್ಲಿ 98 ಸಿಸಿ ಎಂಜಿನಿನ ವೆಸ್ಪಾ ಸ್ಕೂಟರನ್ನು ಹೊರತಂದಿತು. ಮರುವರ್ಷ ಮಿಲಾನಿನ ಇನೊಸೆಂಟಿ ಸಂಸ್ಥೆಯ ಲ್ಯಾಂಬ್ರೆಟ್ಟಾ ಮಾರುಕಟ್ಟೆಗೆ ಬಂದಿತು. ಭಾರತದಲ್ಲಿ ಮುಂಬಯಿಯ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಲ್ಯಾಂಬ್ರೆಟ್ಟಾವನ್ನೂ, ಬಜಾಜ್ ಸಂಸ್ಥೆ ಪಿಯಾಜಿಯೊ ಪರವಾನಗಿಯಲ್ಲಿ ವೆಸ್ಪಾವನ್ನೂ ತಯಾರಿಸಿದವು. 1972ರಲ್ಲಿ ಬಂದ ಬಜಾಜ್ ಚೇತಕ್ ವೆಸ್ಪಾ ಸ್ಪ್ರಿಂಟ್ ವಿನ್ಯಾಸವನ್ನು ಆಧರಿಸಿತ್ತು. ಅದೇ ವರ್ಷ ಸ್ಥಾಪನೆಯಾದ ಲಖನೌದ ಸ್ಕೂಟರ್ಸ್ ಇಂಡಿಯಾ ಲಿಮಿಟೆಡ್, ಇನೊಸೆಂಟಿಯಿಂದ ಲ್ಯಾಂಬ್ರೆಟ್ಟಾ ತಯಾರಿಕೆಯ ಯಂತ್ರಗಳನ್ನು ಕೊಂಡು ವಿಜಯ್ ಸೂಪರ್ ಮೊದಲಾದ ಸ್ಕೂಟರ್‌ಗಳನ್ನು ತಯಾರಿಸಿತು.

ಈ ಸ್ಕೂಟರ್‌ಗಳಲ್ಲಿ ಹೆಚ್ಚಿನವು 125ರಿಂದ 200 ಸಿಸಿ ಸಾಮರ್ಥ್ಯದ, ಗಾಳಿಯಿಂದ ತಂಪಾಗುವ ಟೂ-ಸ್ಟ್ರೋಕ್ ಎಂಜಿನ್ ಹೊಂದಿದ್ದವು. ಇಟಲಿಯ ಡೆಲ್ಲೊರ್ಟೊ ಸಂಸ್ಥೆಯ ಕಾರ್ಬ್ಯುರೇಟರ್‌ಗಳು ಅವುಗಳಲ್ಲಿ ವ್ಯಾಪಕವಾಗಿ ಬಳಕೆಯಾದವು. ಭಾರತದಲ್ಲಿ ಸ್ಪ್ಯಾಕೊ ಸಂಸ್ಥೆ ಡೆಲ್ಲೊರ್ಟೊ ಮಾದರಿಯ ಕಾರ್ಬ್ಯುರೇಟರ್‌ಗಳನ್ನು ತಯಾರಿಸಿತು. ಮಲೋಸಿ, ಪೊಲಿನಿ, ಪಿನಾಸ್ಕೊ ಮೊದಲಾದ ಇಟಲಿಯ ಸಂಸ್ಥೆಗಳು ವೆಸ್ಪಾಗೆ ಹೆಚ್ಚಿನ ಸಾಮರ್ಥ್ಯದ ಸಿಲಿಂಡರ್ ಜೋಡಣೆಗಳನ್ನು ತಯಾರಿಸುತ್ತವೆ. ಲ್ಯಾಂಬ್ರೆಟ್ಟಾಗೆ ಅಂತಹ ಸಿಲಿಂಡರ್‌ಗಳು ಮುಖ್ಯವಾಗಿ ಬ್ರಿಟನ್ ಮತ್ತು ಇಟಲಿಯಿಂದ ಬಂದಿವೆ.

ಕಾರ್ಯತತ್ತ್ವ

ಕಾರ್ಬ್ಯುರೇಟರಿನ ಗಾಳಿಮಾರ್ಗದ ನಡುವೆ ಕಿರಿದಾದ ಒಂದು ಭಾಗವಿರುತ್ತದೆ. ಇಟಲಿಯ ಭೌತವಿಜ್ಞಾನಿ ಜೊವಾನಿ ಬಟ್ಟಿಸ್ಟಾ ವೆಂಚುರಿಯ ಹೆಸರಿನಲ್ಲಿ ಇದನ್ನು ವೆಂಚುರಿ ಎಂದು ಕರೆಯಲಾಗುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿ ಈ ಕಿರಿದಾದ ಭಾಗದಲ್ಲಿ ವೇಗವಾಗಿ ಹರಿಯುತ್ತದೆ ಮತ್ತು ಅಲ್ಲಿ ಒತ್ತಡ ಕುಸಿಯುತ್ತದೆ. ಕೆಳಗಿನ ಫ್ಲೋಟ್ ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲೆ ವಾಯುಮಂಡಲದ ಒತ್ತಡ ಇರುವುದರಿಂದ, ಪೆಟ್ರೋಲ್ ಜೆಟ್ ಮೂಲಕ ಮೇಲೇರಿ, ಗಾಳಿಯಲ್ಲಿ ಸಣ್ಣ ಹನಿಗಳಾಗಿ ಬೆರೆಯುತ್ತದೆ. ಜೆಟ್ಟಿನ ರಂಧ್ರದ ಗಾತ್ರವು ಎಷ್ಟು ಪೆಟ್ರೋಲ್ ಬೆರೆಯಬೇಕೆಂಬುದನ್ನು ನಿರ್ಧರಿಸುತ್ತದೆ.

ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಗರಿಷ್ಠ ಶಕ್ತಿ ದೊರೆಯುವುದು ಇದಕ್ಕಿಂತ ಹೆಚ್ಚು ಪೆಟ್ರೋಲ್ ಇರುವ, ಸುಮಾರು 12.5ರಿಂದ 13 ಪಾಲು ಗಾಳಿಯ ಮಿಶ್ರಣದಲ್ಲಿ. ಪೆಟ್ರೋಲ್ ಹೆಚ್ಚಿರುವ ಮಿಶ್ರಣವನ್ನು ದಟ್ಟ ಮಿಶ್ರಣ ಎಂದೂ, ಕಡಿಮೆ ಇರುವುದನ್ನು ತೆಳು ಮಿಶ್ರಣ ಎಂದೂ ಹೇಳಬಹುದು. ಗ್ಯಾರೇಜುಗಳಲ್ಲಿ ಇವು ಕ್ರಮವಾಗಿ ರಿಚ್ ಮತ್ತು ಲೀನ್ ಎಂದೇ ಪರಿಚಿತ.

ತೆಳು ಮಿಶ್ರಣದ ಅಪಾಯ

ಈ ಎಂಜಿನುಗಳಲ್ಲಿ ಪೆಟ್ರೋಲ್ ಉರುವಲಷ್ಟೇ ಅಲ್ಲ. ಕ್ರ್ಯಾಂಕ್‌ಕೇಸಿನ ಮೂಲಕ ಹಾದುಹೋಗುವ ಪೆಟ್ರೋಲಿನ ಹನಿಗಳು ಆವಿಯಾಗುವಾಗ ಪಿಸ್ಟನ್ನಿನ ಶಾಖವನ್ನು ಹೀರಿಕೊಳ್ಳುತ್ತವೆ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಬೇರಿಂಗ್, ಪಿಸ್ಟನ್ ಮತ್ತು ಸಿಲಿಂಡರಿಗೆ ಜಿಡ್ಡು ಒದಗಿಸುತ್ತದೆ. ಹೀಗಾಗಿ ಮಿಶ್ರಣ ತೆಳುವಾದಾಗ ದಹನಕೋಶದ ಶಾಖ ಏರುತ್ತದೆ, ಒಳಗಿನ ತಂಪು ಇಳಿಯುತ್ತದೆ, ಎಣ್ಣೆಯ ಪೂರೈಕೆಯೂ ತಗ್ಗುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಎರಕದ ಕಬ್ಬಿಣದ ಸಿಲಿಂಡರಿಗಿಂತ ಹೆಚ್ಚು ಹಿಗ್ಗುವುದರಿಂದ ಎರಡರ ನಡುವಿನ ಅಂತರ ಮುಚ್ಚಿಹೋಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಇದನ್ನೇ ಎಂಜಿನ್ ಸೀಜ್ ಆಗುವುದು ಎನ್ನುತ್ತಾರೆ. ಶಾಖ ಇನ್ನೂ ಹೆಚ್ಚಾದರೆ ಪಿಸ್ಟನ್ನಿನ ತಲೆಯಲ್ಲೇ ರಂಧ್ರ ಬೀಳಬಹುದು.

ದಟ್ಟ ಮಿಶ್ರಣದಿಂದ ಹೊಗೆ, ಮಸಿ ಹಿಡಿದ ಪ್ಲಗ್, ಮಂದ ಓಟ ಮತ್ತು ಇಂಧನದ ವ್ಯಯ ಉಂಟಾಗುತ್ತವೆ; ಎಂಜಿನ್ ತಕ್ಷಣ ಹಾಳಾಗುವುದಿಲ್ಲ. ಈ ವ್ಯತ್ಯಾಸದಿಂದಲೇ ಜೆಟ್ಟಿಂಗಿನ ಮೂಲ ನಿಯಮ ರೂಪುಗೊಂಡಿದೆ: ದೊಡ್ಡ ಜೆಟ್ಟಿನಿಂದ ಆರಂಭಿಸಿ ಹಂತಹಂತವಾಗಿ ಚಿಕ್ಕದಕ್ಕೆ ಇಳಿಯಬೇಕು. ಚಿಕ್ಕ ಜೆಟ್ಟಿನಿಂದ ಮೇಲೇರುವ ಪ್ರಯೋಗದಲ್ಲಿ ತಪ್ಪು ತಿಳಿಯುವ ಹೊತ್ತಿಗೆ ಪಿಸ್ಟನ್ ಹಾಳಾಗಿರುತ್ತದೆ. ಮಿಶ್ರಣ ತೆಳುವಾಗುತ್ತ ಬಂದಂತೆ ಎಂಜಿನ್ ಚುರುಕಾಗಿ ಓಡಿದಂತೆ ಭಾಸವಾಗುವುದುಂಟು. ಸೀಜ್ ಆಗುವ ಮುನ್ನ ಸ್ಕೂಟರ್ ಅತ್ಯುತ್ತಮವಾಗಿ ಓಡುತ್ತಿತ್ತು ಎಂದು ಅನೇಕ ಸವಾರರು ಹೇಳುವುದಕ್ಕೆ ಇದೇ ಕಾರಣ.

ಕಾರ್ಬ್ಯುರೇಟರಿನ ಆಯ್ಕೆ

ಗಾತ್ರ

ಕಾರ್ಬ್ಯುರೇಟರ್ ದೊಡ್ಡದಾದಷ್ಟೂ ಶಕ್ತಿ ಹೆಚ್ಚುತ್ತದೆ ಎಂಬುದು ಸರಿಯಲ್ಲ. ಗಾಳಿಮಾರ್ಗ ಅಗತ್ಯಕ್ಕಿಂತ ದೊಡ್ಡದಾದರೆ ಕಡಿಮೆ ಸುತ್ತುಗಳಲ್ಲಿ ಗಾಳಿಯ ವೇಗ ಕುಗ್ಗಿ, ಪೆಟ್ರೋಲ್ ಸರಿಯಾಗಿ ಹನಿಗಳಾಗಿ ಒಡೆಯುವುದಿಲ್ಲ. ಅಂತಹ ಸ್ಕೂಟರ್ ಪೇಟೆಯ ರಸ್ತೆಯಲ್ಲಿ ತಡವರಿಸುತ್ತದೆ. ಗಾಳಿಮಾರ್ಗ ಚಿಕ್ಕದಾದರೆ ಹೆಚ್ಚಿನ ಸುತ್ತುಗಳಲ್ಲಿ ಎಂಜಿನಿಗೆ ಉಸಿರು ಸಾಲುವುದಿಲ್ಲ.

ಟೂ-ಸ್ಟ್ರೋಕ್ ಎಂಜಿನುಗಳಿಗೆ ಬಳಕೆಯಲ್ಲಿರುವ ಒಂದು ಅಂದಾಜು ಸೂತ್ರ ಹೀಗಿದೆ: ಎಂಜಿನ್ ಸಾಮರ್ಥ್ಯವನ್ನು ಲೀಟರಿನಲ್ಲಿ ಬರೆದು, ಗರಿಷ್ಠ ಶಕ್ತಿ ದೊರೆಯುವ ನಿಮಿಷದ ಸುತ್ತುಗಳಿಂದ ಗುಣಿಸಿ, ವರ್ಗಮೂಲ ತೆಗೆದು, ಅದನ್ನು 0.65ರಿಂದ 0.9ರ ನಡುವಿನ ಒಂದು ಗುಣಕದಿಂದ ಗುಣಿಸಬೇಕು. ಬರುವ ಉತ್ತರ ಮಿಲಿಮೀಟರಿನಲ್ಲಿ ಗಾಳಿಮಾರ್ಗದ ವ್ಯಾಸವಾಗಿರುತ್ತದೆ. ರಸ್ತೆಯ ಬಳಕೆಗೆ ಸುಮಾರು 0.7ರ ಗುಣಕವೂ, ಪಂದ್ಯದ ಎಂಜಿನಿಗೆ ಅದಕ್ಕಿಂತ ದೊಡ್ಡ ಗುಣಕವೂ ಹೊಂದುತ್ತದೆ.

ಉದಾಹರಣೆಗೆ 198 ಸಿಸಿ ಎಂಜಿನ್ 5,700 ಸುತ್ತುಗಳಲ್ಲಿ ಗರಿಷ್ಠ ಶಕ್ತಿ ಕೊಡುತ್ತದೆ ಎಂದಿಟ್ಟುಕೊಂಡರೆ, 0.198 ಮತ್ತು 5,700ರ ಗುಣಲಬ್ಧದ ವರ್ಗಮೂಲ 33.6. ಇದನ್ನು 0.7ರಿಂದ ಗುಣಿಸಿದರೆ 23.5 ಮಿ.ಮೀ. ಬರುತ್ತದೆ. ವೆಸ್ಪಾ ಪಿ200ಇ ಮಾದರಿಗೆ ಕಾರ್ಖಾನೆಯಲ್ಲಿ 24 ಮಿ.ಮೀ. ಕಾರ್ಬ್ಯುರೇಟರ್ ಅಳವಡಿಸಿದ್ದು ಈ ಲೆಕ್ಕಕ್ಕೆ ಹತ್ತಿರವಾಗಿದೆ. ಅದೇ ಎಂಜಿನಿಗೆ 68.5 ಮಿ.ಮೀ. ವ್ಯಾಸದ ಪಿಸ್ಟನ್ ಮತ್ತು 60 ಮಿ.ಮೀ. ಚಲನೆಯ ಕ್ರ್ಯಾಂಕ್ ಜೋಡಿಸಿದರೆ ಸಾಮರ್ಥ್ಯ 221 ಸಿಸಿ ಆಗುತ್ತದೆ. ಅದು 7,500 ಸುತ್ತುಗಳಲ್ಲಿ ಗರಿಷ್ಠ ಶಕ್ತಿ ಕೊಡುವಂತೆ ಮಾರ್ಪಟ್ಟಿದ್ದರೆ ಸೂತ್ರದಿಂದ ಸುಮಾರು 28.5 ಮಿ.ಮೀ. ಬರುತ್ತದೆ, ಆದ್ದರಿಂದ 28 ಅಥವಾ 30 ಮಿ.ಮೀ. ಕಾರ್ಬ್ಯುರೇಟರ್ ಸೂಕ್ತವಾಗುತ್ತದೆ.

ವೆಸ್ಪಾ ಮತ್ತು ಚೇತಕ್

ದೊಡ್ಡ ಚೌಕಟ್ಟಿನ ವೆಸ್ಪಾಗಳಲ್ಲಿ ಕ್ರ್ಯಾಂಕಿನ ಒಂದು ತಟ್ಟೆಯೇ ತಿರುಗುವ ಕವಾಟವಾಗಿ ಕೆಲಸ ಮಾಡಿ, ಗಾಳಿ ಒಳಬರುವ ದ್ವಾರವನ್ನು ತೆರೆದು ಮುಚ್ಚುತ್ತದೆ. ಡೆಲ್ಲೊರ್ಟೊ ಎಸ್‌ಐ ಶ್ರೇಣಿಯ ಕಾರ್ಬ್ಯುರೇಟರ್ ನೇರವಾಗಿ ಕ್ರ್ಯಾಂಕ್‌ಕೇಸಿನ ಮೇಲೆ, ಗಾಳಿ ಸೋಸುವ ಜಾಲರಿಯೊಡನೆ ಒಂದು ಪೆಟ್ಟಿಗೆಯೊಳಗೆ ಕುಳಿತಿರುತ್ತದೆ. ಈ ಶ್ರೇಣಿಯಲ್ಲಿ 20 ಮತ್ತು 24 ಮಿ.ಮೀ. ಗಾತ್ರಗಳು ಸಾಮಾನ್ಯ. ಮೂಲ ಪೆಟ್ಟಿಗೆ, ಕೇಬಲ್ ಮತ್ತು ಎಣ್ಣೆ ಪಂಪನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ 24 ಮಿ.ಮೀ. ಎಸ್‌ಐ ಸರಳವಾದ ಆಯ್ಕೆ. ಪ್ರವಾಸಕ್ಕೆ ಬಳಸುವ, ಹದವಾಗಿ ಮಾರ್ಪಡಿಸಿದ ಎಂಜಿನಿಗೆ ಅದು ಸಾಕಾಗುತ್ತದೆ.

ಇದಕ್ಕಿಂತ ದೊಡ್ಡ ಕಾರ್ಬ್ಯುರೇಟರ್ ಬೇಕಾದಾಗ ರೀಡ್ ಕವಾಟದ ಮ್ಯಾನಿಫೋಲ್ಡ್ ಅಳವಡಿಸಿ, ಡೆಲ್ಲೊರ್ಟೊ ಪಿಎಚ್‌ಬಿಎಚ್, ಕೀಹಿನ್ ಪಿಡಬ್ಲ್ಯುಕೆ ಅಥವಾ ಮಿಕುನಿ ಟಿಎಂಎಕ್ಸ್ ಮಾದರಿಗಳನ್ನು ಬಳಸಲಾಗುತ್ತದೆ. ಆಗ ಮೂಲ ಪೆಟ್ಟಿಗೆಯನ್ನು ತೆಗೆಯಬೇಕಾಗುತ್ತದೆ. ಚೌಕಟ್ಟಿನೊಳಗಿನ ಸ್ಥಳ, ಸಸ್ಪೆನ್ಷನ್ ಕುಗ್ಗಿದಾಗ ಉಳಿಯುವ ಅಂತರ ಮತ್ತು ಪೆಟ್ರೋಲ್ ಪೈಪಿನ ದಾರಿಯನ್ನು ಕೊಳ್ಳುವ ಮುನ್ನವೇ ಅಳೆಯಬೇಕು.

ಲ್ಯಾಂಬ್ರೆಟ್ಟಾ

ಲ್ಯಾಂಬ್ರೆಟ್ಟಾದಲ್ಲಿ ಪಿಸ್ಟನ್ನಿನ ಅಂಚೇ ಗಾಳಿದ್ವಾರವನ್ನು ತೆರೆದು ಮುಚ್ಚುತ್ತದೆ. ಕೆಲವು ಸುತ್ತುಗಳಲ್ಲಿ ಮಿಶ್ರಣ ಹಿಂದಕ್ಕೆ ಚಿಮ್ಮಿ ಕಾರ್ಬ್ಯುರೇಟರಿನ ಬಾಯಿಯಿಂದ ಮಂಜಿನಂತೆ ಹೊರಬೀಳುವುದು ಈ ವಿನ್ಯಾಸದ ಲಕ್ಷಣ. ಒಮ್ಮೆ ಹಿಂದಕ್ಕೆ ಹೋದ ಗಾಳಿ ಮತ್ತೆ ಒಳಬರುವಾಗ ಇನ್ನೊಮ್ಮೆ ಪೆಟ್ರೋಲನ್ನು ಎತ್ತಿಕೊಳ್ಳುವುದರಿಂದ ಆ ಸುತ್ತುಗಳಲ್ಲಿ ಮಿಶ್ರಣ ದಟ್ಟವಾಗುತ್ತದೆ. ಜಿಪಿ200 ಮಾದರಿಯ 198 ಸಿಸಿ ಎಂಜಿನಿಗೆ 22 ಮಿ.ಮೀ. ಡೆಲ್ಲೊರ್ಟೊ ಎಸ್‌ಎಚ್ ಕಾರ್ಬ್ಯುರೇಟರ್ ಇತ್ತು. ಬ್ರಿಟನ್ನಿನ ಎಎಫ್ ರೇಸ್ಪೀಡ್ ಸಂಸ್ಥೆಯ ಟಿಎಸ್1 ಸಿಲಿಂಡರಿನಲ್ಲಿ ರೀಡ್ ಕವಾಟವಿದ್ದು, ಹಿಮ್ಮುಖ ಹರಿವು ಕಡಿಮೆಯಾಗುತ್ತದೆ. ಹಾಗಾಗಿ ಅದಕ್ಕೆ 30 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡ ಕಾರ್ಬ್ಯುರೇಟರ್‌ಗಳನ್ನೂ ಜೋಡಿಸುತ್ತಾರೆ.

ಲ್ಯಾಂಬ್ರೆಟ್ಟಾದ ಎಂಜಿನ್ ಅಡ್ಡಲಾಗಿ ಮಲಗಿರುವುದರಿಂದ ದೊಡ್ಡ ಕಾರ್ಬ್ಯುರೇಟರ್ ಚೌಕಟ್ಟಿಗೆ ಅಥವಾ ಪಕ್ಕದ ತಗಡಿಗೆ ತಾಗುವ ಸಂಭವವಿದೆ. ಎಂಜಿನಿನ ಕಂಪನದಿಂದ ಫ್ಲೋಟ್ ಬಟ್ಟಲಿನ ಪೆಟ್ರೋಲ್ ನೊರೆಗಟ್ಟಿದರೆ ಜೆಟ್ಟಿಗೆ ಗಾಳಿಗುಳ್ಳೆಗಳು ಸೇರಿ ಮಿಶ್ರಣ ತೆಳುವಾಗುತ್ತದೆ. ಇದನ್ನು ತಡೆಯಲು ಕಾರ್ಬ್ಯುರೇಟರನ್ನು ರಬ್ಬರ್ ತೋಳಿನ ಮೂಲಕ ಜೋಡಿಸುವುದು ವಾಡಿಕೆ.

ಥ್ರಾಟಲಿನ ಹಂತಗಳು

ಕಾರ್ಬ್ಯುರೇಟರಿನ ಪ್ರತಿಯೊಂದು ಭಾಗವೂ ಥ್ರಾಟಲ್ ತೆರೆದಿರುವ ಪ್ರಮಾಣಕ್ಕೆ ಸಂಬಂಧಿಸಿ ಕೆಲಸ ಮಾಡುತ್ತದೆ; ಸ್ಕೂಟರಿನ ವೇಗಕ್ಕೆ ಅಥವಾ ಗೇರಿಗೆ ನೇರ ಸಂಬಂಧವಿಲ್ಲ. ದೋಷ ಯಾವ ಹಂತದಲ್ಲಿದೆ ಎಂಬುದನ್ನು ಗುರುತಿಸಲು ಥ್ರಾಟಲ್ ಹಿಡಿಕೆಯ ಮೇಲೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗುರುತು ಮಾಡಿಕೊಳ್ಳುತ್ತಾರೆ. ಸೂಜಿಯಿರುವ ಕಾರ್ಬ್ಯುರೇಟರಿನಲ್ಲಿ ಹಂತಗಳು ಸ್ಥೂಲವಾಗಿ ಹೀಗಿವೆ:

• ಮುಚ್ಚಿದ ಸ್ಥಿತಿಯಿಂದ ಎಂಟನೇ ಒಂದು ಭಾಗದವರೆಗೆ: ಪೈಲಟ್ ಜೆಟ್ ಮತ್ತು ಮಿಶ್ರಣದ ತಿರುಪು. ತಿರುಪು ಸ್ಲೈಡಿನಿಂದ ಎಂಜಿನ್ ಕಡೆಗಿದ್ದರೆ ಅದನ್ನು ಹೊರಕ್ಕೆ ತಿರುಗಿಸಿದಾಗ ಮಿಶ್ರಣ ದಟ್ಟವಾಗುತ್ತದೆ. ಗಾಳಿ ಸೋಸುವ ಜಾಲರಿಯ ಕಡೆಗಿದ್ದರೆ ಅದು ಗಾಳಿಯನ್ನು ನಿಯಂತ್ರಿಸುತ್ತದೆ; ಒಳಕ್ಕೆ ತಿರುಗಿಸಿದಾಗ ಮಿಶ್ರಣ ದಟ್ಟವಾಗುತ್ತದೆ.

• ಎಂಟನೇ ಒಂದರಿಂದ ಕಾಲು ಭಾಗದವರೆಗೆ: ಸ್ಲೈಡಿನ ಅಡಿಯಲ್ಲಿ ಗಾಳಿ ಬರುವ ಕಡೆಗಿರುವ ಕತ್ತರಿಸಿದ ಅಂಚು. ಕತ್ತರಿಸಿದ ಭಾಗ ಎತ್ತರವಾದಷ್ಟೂ ಮಿಶ್ರಣ ತೆಳುವಾಗುತ್ತದೆ. ಡೆಲ್ಲೊರ್ಟೊ ಸ್ಲೈಡಿನ 40 ಎಂಬ ಸಂಖ್ಯೆ ಈ ಎತ್ತರ 4.0 ಮಿ.ಮೀ. ಎಂಬುದನ್ನು ಸೂಚಿಸುತ್ತದೆ.

• ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ: ಸೂಜಿ ಮತ್ತು ಅದು ಏರಿಳಿಯುವ ನಳಿಕೆ. ಸೂಜಿಯ ಕ್ಲಿಪ್ಪನ್ನು ಕೆಳಗಿನ ಗೀರಿಗೆ ಹಾಕಿದರೆ ಸೂಜಿ ಮೇಲೇರಿ ಮಿಶ್ರಣ ದಟ್ಟವಾಗುತ್ತದೆ. ಸೂಜಿಯ ನೇರ ಭಾಗದ ದಪ್ಪ ಈ ಹಂತದ ಆರಂಭವನ್ನೂ, ಮೊನಚಾಗುವ ಭಾಗ ನಂತರದ್ದನ್ನೂ ನಿರ್ಧರಿಸುತ್ತವೆ.

• ಮುಕ್ಕಾಲು ಭಾಗದಿಂದ ಪೂರ್ಣ ತೆರೆಯುವವರೆಗೆ: ಮುಖ್ಯ ಜೆಟ್.

ಈ ಹಂತಗಳ ಗಡಿಗಳು ಒಂದರ ಮೇಲೊಂದು ಹರಡಿರುತ್ತವೆ. ಮುಖ್ಯ ಜೆಟ್ ತೀರ ದೊಡ್ಡದಾದರೆ ಅರ್ಧ ಥ್ರಾಟಲಿನಲ್ಲೂ ಅದರ ಪರಿಣಾಮ ಸ್ವಲ್ಪ ಕಾಣಿಸುತ್ತದೆ. ಪೂರ್ಣ ಥ್ರಾಟಲಿನಲ್ಲಿ ಸರಿಯಾಗಿರುವ ಎಂಜಿನ್ ಅರ್ಧ ಥ್ರಾಟಲಿನಲ್ಲಿ ತೆಳುವಾಗಿರಬಹುದು. ಹೆದ್ದಾರಿಯಲ್ಲಿ ಸ್ಥಿರ ವೇಗದಲ್ಲಿ ಬಹುಕಾಲ ಓಡುವ ಸ್ಕೂಟರ್ ಈ ಮಧ್ಯದ ಹಂತದಲ್ಲೇ ಇರುವುದರಿಂದ, ಮುಖ್ಯ ಜೆಟ್ಟನ್ನಷ್ಟೇ ದೊಡ್ಡದು ಮಾಡಿದರೆ ಅಪಾಯ ತಪ್ಪುವುದಿಲ್ಲ.

ಎಸ್‌ಐ ಕಾರ್ಬ್ಯುರೇಟರಿನ ವಿಶೇಷ

ವೆಸ್ಪಾದ ಎಸ್‌ಐ ಕಾರ್ಬ್ಯುರೇಟರಿನಲ್ಲಿ ಸೂಜಿ ಇರುವುದಿಲ್ಲ. ಅದರಲ್ಲಿ ಮೂರು ತುಣುಕುಗಳನ್ನು ಒಂದರ ಮೇಲೊಂದು ಜೋಡಿಸಿದ ಕಂಬವಿದೆ: ಮೇಲೆ ವಾಯು ಜೆಟ್, ನಡುವೆ ಪಕ್ಕದಲ್ಲಿ ರಂಧ್ರಗಳಿರುವ ಮಿಶ್ರಣ ನಳಿಕೆ, ಕೆಳಗೆ ಮುಖ್ಯ ಜೆಟ್. ಪಿ200ಇ ಮಾದರಿಯ ಸಾಮಾನ್ಯ ಜೋಡಣೆಯನ್ನು 160-ಬಿಇ3-116 ಎಂದು ಬರೆಯುತ್ತಾರೆ. ಇಲ್ಲಿ 160 ವಾಯು ಜೆಟ್, ಬಿಇ3 ನಳಿಕೆಯ ಮಾದರಿ, 116 ಮುಖ್ಯ ಜೆಟ್. ವಾಯು ಜೆಟ್ ದೊಡ್ಡದಾದರೆ ನಳಿಕೆಯೊಳಗೆ ಹೆಚ್ಚು ಗಾಳಿ ಬೆರೆತು, ವಿಶೇಷವಾಗಿ ಹೆಚ್ಚಿನ ಸುತ್ತುಗಳಲ್ಲಿ, ಮಿಶ್ರಣ ತೆಳುವಾಗುತ್ತದೆ.

ಪೈಲಟ್ ಜೆಟ್ಟಿನ ಮೇಲೆ 55/160 ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಪೆಟ್ರೋಲಿನ ರಂಧ್ರ, ಎರಡನೆಯದು ಗಾಳಿಯ ರಂಧ್ರ. ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸಿ ಎರಡು ಜೆಟ್‌ಗಳನ್ನು ಹೋಲಿಸಬಹುದು: 55/160ಕ್ಕೆ 2.91, 48/160ಕ್ಕೆ 3.33. ಉತ್ತರ ಚಿಕ್ಕದಾದಷ್ಟೂ ಮಿಶ್ರಣ ದಟ್ಟ. ಸೂಜಿ ಇಲ್ಲದ ಕಾರಣ ಎಸ್‌ಐಯಲ್ಲಿ ಪೈಲಟ್ ಜೆಟ್ಟಿನ ಪ್ರಭಾವ ಕಾಲು ಥ್ರಾಟಲಿನ ಆಚೆಗೂ ಚಾಚುತ್ತದೆ. ದೊಡ್ಡ ಸಿಲಿಂಡರ್ ಅಳವಡಿಸಿದಾಗ ಮುಖ್ಯ ಜೆಟ್ಟಿನೊಡನೆ ಪೈಲಟ್ ಜೆಟ್ಟನ್ನೂ ಪರಿಶೀಲಿಸಬೇಕಾಗುವುದು ಇದರಿಂದಲೇ.

ಜೆಟ್ ಸಂಖ್ಯೆಗಳ ಅರ್ಥ

ಡೆಲ್ಲೊರ್ಟೊ ಜೆಟ್ಟಿನ ಸಂಖ್ಯೆ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಸೂಚಿಸುತ್ತದೆ. 116 ಎಂದರೆ 1.16 ಮಿ.ಮೀ. ಹರಿಯುವ ಪೆಟ್ರೋಲ್ ರಂಧ್ರದ ವಿಸ್ತೀರ್ಣವನ್ನು ಅವಲಂಬಿಸುವುದರಿಂದ ವ್ಯಾಸದ ಚಿಕ್ಕ ಬದಲಾವಣೆಯೂ ಗಣನೀಯ. 116ರಿಂದ 120ಕ್ಕೆ ಹೋದರೆ ವಿಸ್ತೀರ್ಣ ಶೇಕಡಾ 7ರಷ್ಟೂ, 100ರಿಂದ 105ಕ್ಕೆ ಹೋದರೆ ಶೇಕಡಾ 10ರಷ್ಟೂ ಹೆಚ್ಚುತ್ತದೆ.

ಬ್ರಿಟನ್ನಿನ ಅಮಲ್ ಸಂಸ್ಥೆಯ ಮುಖ್ಯ ಜೆಟ್‌ಗಳ ಸಂಖ್ಯೆ ನಿಮಿಷಕ್ಕೆ ಹರಿಯುವ ದ್ರವದ ಪ್ರಮಾಣವನ್ನು ಸೂಚಿಸುತ್ತದೆ. ಮಿಕುನಿಯ ಕೆಲವು ಜೆಟ್‌ಗಳಲ್ಲೂ ಇದೇ ಪದ್ಧತಿ ಇದೆ. ಹೀಗಾಗಿ ಒಂದು ಸಂಸ್ಥೆಯ ಸಂಖ್ಯೆಯನ್ನು ಇನ್ನೊಂದರ ಸಂಖ್ಯೆಗೆ ಸಮ ಎಂದು ತಿಳಿಯಬಾರದು. ಜೆಟ್ ಕಟ್ಟಿಕೊಂಡಾಗ ತಂತಿ ತೂರಿಸಿದರೆ ಮೃದುವಾದ ಹಿತ್ತಾಳೆಯ ರಂಧ್ರ ಹಿಗ್ಗಿ, ಮೇಲಿನ ಸಂಖ್ಯೆ ಅರ್ಥ ಕಳೆದುಕೊಳ್ಳುತ್ತದೆ. ಕಾರ್ಬ್ಯುರೇಟರ್ ಶುದ್ಧಿ ಮಾಡುವ ದ್ರವ ಮತ್ತು ಒತ್ತಡದ ಗಾಳಿಯಿಂದ ಅದನ್ನು ಸ್ವಚ್ಛಗೊಳಿಸುವುದು ಸರಿಯಾದ ಕ್ರಮ.

ಪೂರ್ವಪರಿಶೀಲನೆ

ಜೆಟ್ ಬದಲಿಸುವ ಮುನ್ನ ಎಂಜಿನಿನ ಉಳಿದ ಭಾಗಗಳು ಸರಿಯಾಗಿವೆಯೆಂದು ಖಚಿತಪಡಿಸಿಕೊಳ್ಳಬೇಕು.

ಗಾಳಿಯ ಸೋರಿಕೆ: ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಅಥವಾ ಕ್ರ್ಯಾಂಕಿನ ಆಯಿಲ್ ಸೀಲ್‌ಗಳ ಮೂಲಕ ಗಾಳಿ ನುಗ್ಗಿದರೆ ಮಿಶ್ರಣ ತೆಳುವಾಗುತ್ತದೆ, ಯಾವ ಜೆಟ್ಟೂ ಅದನ್ನು ಸರಿಪಡಿಸಲಾರದು. ಥ್ರಾಟಲ್ ಮುಚ್ಚಿದ ಮೇಲೂ ಎಂಜಿನಿನ ಸುತ್ತುಗಳು ಬೇಗ ಇಳಿಯದಿರುವುದು ಇದರ ಲಕ್ಷಣ. ಕ್ಲಚ್ ಕಡೆಯ ಸೀಲ್ ಹಾಳಾದರೆ ಎಂಜಿನ್ ಗೇರ್ ಆಯಿಲ್ ಎಳೆದುಕೊಂಡು ದಟ್ಟ ಹೊಗೆ ಉಗುಳುತ್ತದೆ. ದ್ವಾರಗಳನ್ನು ಮುಚ್ಚಿ, ಕಡಿಮೆ ಒತ್ತಡದ ಗಾಳಿ ತುಂಬಿ, ಒತ್ತಡ ನಿಲ್ಲುತ್ತದೆಯೇ ಎಂದು ನೋಡುವುದು ವಿಶ್ವಾಸಾರ್ಹ ಪರೀಕ್ಷೆ.

ಪೆಟ್ರೋಲಿನ ಹರಿವು: ಗಂಟೆಗೆ 90 ಕಿ.ಮೀ. ವೇಗದಲ್ಲಿ ಲೀಟರಿಗೆ 10 ಕಿ.ಮೀ. ಓಡುವ ಸ್ಕೂಟರಿಗೆ ಗಂಟೆಗೆ 9 ಲೀಟರ್, ಅಂದರೆ ನಿಮಿಷಕ್ಕೆ 150 ಮಿ.ಲೀ. ಪೆಟ್ರೋಲ್ ಬೇಕು. ಪೈಪನ್ನು ಕಾರ್ಬ್ಯುರೇಟರಿನ ಎತ್ತರದಲ್ಲೇ ಹಿಡಿದು, ಅಳತೆಯ ಪಾತ್ರೆಗೆ ಒಂದು ನಿಮಿಷ ಬಿಟ್ಟು ನೋಡಿದರೆ ನಲ್ಲಿಯ ಸಾಮರ್ಥ್ಯ ತಿಳಿಯುತ್ತದೆ. ಹರಿವು ಅಗತ್ಯಕ್ಕಿಂತ ಧಾರಾಳವಾಗಿರಬೇಕು. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೂ, ಫ್ಲೋಟ್ ಕವಾಟ ಕಿರಿದಾಗಿದ್ದರೂ, ಉದ್ದನೆಯ ರಸ್ತೆಯಲ್ಲಿ ಬಟ್ಟಲು ಬರಿದಾಗಿ ಎಂಜಿನ್ ಸೀಜ್ ಆಗಬಹುದು.

ಇಗ್ನಿಷನ್: ಕಿಡಿ ಹಾರುವ ಸಮಯವನ್ನು ಸ್ಟ್ರೋಬ್ ದೀಪದಿಂದ ಪರೀಕ್ಷಿಸಬೇಕು. ಕಿಡಿ ಅತಿ ಬೇಗ ಹಾರಿದರೆ ಉಂಟಾಗುವ ಶಾಖ ಮತ್ತು ಬಡಿತ ತೆಳು ಮಿಶ್ರಣದ ಲಕ್ಷಣಗಳನ್ನೇ ಹೋಲುತ್ತವೆ.

ಎಣ್ಣೆಯ ಪ್ರಮಾಣ: ಪೆಟ್ರೋಲಿನಲ್ಲಿ ಎಣ್ಣೆ ಹೆಚ್ಚಿದರೆ ಅದೇ ಜೆಟ್ಟಿನಿಂದ ಹರಿಯುವ ಪೆಟ್ರೋಲಿನ ಪಾಲು ಕಡಿಮೆಯಾಗಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಆದ್ದರಿಂದ ಎಣ್ಣೆಯ ಪ್ರಮಾಣವನ್ನು ಮೊದಲೇ ನಿಶ್ಚಯಿಸಿ, ಬದಲಿಸದೆ ಉಳಿಸಿಕೊಳ್ಳಬೇಕು.

ಗಾಳಿ ಸೋಸುವ ಜಾಲರಿ ಮತ್ತು ಸೈಲೆನ್ಸರ್: ಅಂತಿಮವಾಗಿ ಬಳಸಲಿರುವ ಭಾಗಗಳನ್ನೇ ಜೋಡಿಸಿ ಜೆಟ್ಟಿಂಗ್ ಮಾಡಬೇಕು. ಜಾಲರಿಯನ್ನು ತೆಗೆದರೂ, ಎಕ್ಸ್‌ಪಾನ್ಷನ್ ಛೇಂಬರ್ ಮಾದರಿಯ ಸೈಲೆನ್ಸರ್ ಹಾಕಿದರೂ ಮೊದಲಿನ ಹೊಂದಾಣಿಕೆ ತಪ್ಪಿಹೋಗುತ್ತದೆ.

ಹೊಂದಿಸುವ ಕ್ರಮ

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಪೈಲಟ್ ಜೆಟ್ ಮತ್ತು ತಿರುಪನ್ನು ನಿಂತಲ್ಲಿ ಓಡುವಷ್ಟಕ್ಕೆ ಹೊಂದಿಸಲಾಗುತ್ತದೆ. ಅನಂತರ ಅತ್ಯಂತ ಅಪಾಯದ ಹಂತವಾದ ಪೂರ್ಣ ಥ್ರಾಟಲಿನಿಂದ ಕೆಲಸ ಆರಂಭವಾಗುತ್ತದೆ. ಸಿಲಿಂಡರ್ ತಯಾರಕರು ಸೂಚಿಸಿದ ಜೆಟ್ಟಿಗಿಂತ ಕೆಲವು ಅಳತೆ ದೊಡ್ಡದನ್ನು ಹಾಕಿ ಓಡಿಸಿದಾಗ ಎಂಜಿನ್ ಪೂರ್ಣ ಥ್ರಾಟಲಿನಲ್ಲಿ ಗೊಗ್ಗರು ದನಿಯಲ್ಲಿ ತಡವರಿಸಬೇಕು. ಇದನ್ನು ಫೋರ್-ಸ್ಟ್ರೋಕಿಂಗ್ ಎನ್ನುತ್ತಾರೆ. ಪ್ರತಿ ಸುತ್ತಿನಲ್ಲೂ ಉರಿಯಬೇಕಾದ ಮಿಶ್ರಣ ಆಗಾಗ ಉರಿಯದೆ ಹೋಗುವುದರಿಂದ ಈ ದನಿ ಬರುತ್ತದೆ. ತಡವರಿಕೆ ನಿಂತು ಎಂಜಿನ್ ನಯವಾಗಿ ಏರುವವರೆಗೆ ಒಂದೊಂದೇ ಅಳತೆ ಇಳಿಸಬೇಕು. ಅಲ್ಲಿಂದ ಮುಂದಕ್ಕೆ ಇಳಿಯದೆ, ರಸ್ತೆಯ ಬಳಕೆಗಾಗಿ ಒಂದು ಅಳತೆ ಹಿಂದಕ್ಕೆ, ಅಂದರೆ ದೊಡ್ಡದಕ್ಕೆ ಹೋಗುವುದು ವಿವೇಕ.

ಮುಖ್ಯ ಜೆಟ್ ನಿಶ್ಚಯವಾದ ಮೇಲೆ ಸೂಜಿಯ ಕ್ಲಿಪ್, ಅನಂತರ ಸ್ಲೈಡ್, ಕೊನೆಗೆ ಪೈಲಟ್ ಜೆಟ್ ಮತ್ತು ತಿರುಪನ್ನು ಸೂಕ್ಷ್ಮವಾಗಿ ಹೊಂದಿಸಲಾಗುತ್ತದೆ. ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ, ಜೆಟ್ ಸಂಖ್ಯೆ, ಹವೆ ಮತ್ತು ಫಲಿತಾಂಶವನ್ನು ಬರೆದಿಟ್ಟುಕೊಳ್ಳಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಒಂದು ಹಂತದಲ್ಲಿ ಎಂಜಿನ್ ತಡವರಿಸಿದಾಗ ದೋಷ ದಟ್ಟವೋ ತೆಳುವೋ ಎಂಬ ಸಂದೇಹಕ್ಕೆ ಚೋಕ್ ಸರಳ ಉತ್ತರ ಕೊಡುತ್ತದೆ. ಥ್ರಾಟಲನ್ನು ಅದೇ ಸ್ಥಾನದಲ್ಲಿರಿಸಿ ಚೋಕನ್ನು ಕೊಂಚ ಎಳೆದಾಗ ಓಟ ಸುಧಾರಿಸಿದರೆ ಮಿಶ್ರಣ ತೆಳುವಾಗಿದೆ, ಕೆಟ್ಟರೆ ದಟ್ಟವಾಗಿದೆ.

ಪ್ಲಗ್ ಪರೀಕ್ಷೆ

ಹೊಸ ಪ್ಲಗ್ ಹಾಕಿ, ವಾಹನಸಂಚಾರವಿಲ್ಲದ ನೇರ ರಸ್ತೆಯಲ್ಲಿ ಪೂರ್ಣ ಥ್ರಾಟಲಿನಲ್ಲಿ ಓಡಿಸಿ, ಒಮ್ಮೆಲೇ ಇಗ್ನಿಷನ್ ಆರಿಸಿ ಕ್ಲಚ್ ಹಿಡಿದು ಸ್ಕೂಟರನ್ನು ನಿಲ್ಲಿಸಲಾಗುತ್ತದೆ. ಎಂಜಿನ್ ನಿಂತಲ್ಲಿ ಓಡಲು ಬಿಟ್ಟರೆ ಪ್ಲಗ್ ಪೈಲಟ್ ಜೆಟ್ಟಿನ ಬಣ್ಣವನ್ನು ತೋರಿಸುತ್ತದೆ. ಪ್ಲಗ್ ಬಿಚ್ಚಿ ನೋಡಿದಾಗ ಪಿಂಗಾಣಿಯ ಬಣ್ಣ ಕಾಫಿ ಕಂದಿನಂತಿದ್ದರೆ ಮಿಶ್ರಣ ಹದವಾಗಿದೆ; ಒದ್ದೆ ಕಪ್ಪಾಗಿದ್ದರೆ ದಟ್ಟ; ಸುಣ್ಣದಂತೆ ಬೆಳ್ಳಗಿದ್ದರೆ ಅಥವಾ ಅಲ್ಯೂಮಿನಿಯಂ ಕಣಗಳು ಅಂಟಿದ್ದರೆ ತೆಳು. ಸೀಸರಹಿತ ಪೆಟ್ರೋಲಿನಲ್ಲಿ ಬಣ್ಣ ಹಿಂದಿನಷ್ಟು ಸ್ಪಷ್ಟವಾಗಿ ಮೂಡದ ಕಾರಣ, ಪಿಂಗಾಣಿಯ ಬುಡದಲ್ಲಿ ಕಾಣುವ ಮಸಿಯ ಉಂಗುರವನ್ನು ಭೂತಗನ್ನಡಿಯಿಂದ ನೋಡುತ್ತಾರೆ. ಪ್ಲಗ್ ಅಡಿಯಲ್ಲಿ ಕೂರಿಸುವ ತಾಪಮಾಪಕ ಅಥವಾ ಸೈಲೆನ್ಸರಿಗೆ ಜೋಡಿಸುವ ಲ್ಯಾಂಬ್ಡಾ ಸಂವೇದಕ ಇದ್ದರೆ ಓಡುತ್ತಿರುವಾಗಲೇ ಬದಲಾವಣೆಯನ್ನು ಗಮನಿಸಬಹುದು.

ಪ್ಲಗ್‌ನ ಶಾಖದ ಶ್ರೇಣಿಯೂ ಮುಖ್ಯ. ಎನ್‌ಜಿಕೆ ಪ್ಲಗ್‌ಗಳಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ ತಂಪು. ಬಿ7ಇಎಸ್‌ಗಿಂತ ಬಿ8ಇಎಸ್ ತಂಪಾದುದು. ಬಿಸಿ ಪ್ಲಗ್ ಮಸಿಯನ್ನು ಸುಟ್ಟುಹಾಕುವುದರಿಂದ ದಟ್ಟ ಮಿಶ್ರಣವೂ ಹದವಾಗಿರುವಂತೆ ಕಾಣುತ್ತದೆ.

ಎತ್ತರ, ಹವೆ ಮತ್ತು ಇಂಧನ

ಸ್ಥಿರವಾದ ಜೆಟ್ಟಿರುವ ಕಾರ್ಬ್ಯುರೇಟರ್ ಗಾಳಿಯ ಸಾಂದ್ರತೆ ಬದಲಾದದ್ದನ್ನು ತಾನಾಗಿ ಸರಿದೂಗಿಸುವುದಿಲ್ಲ. ಎತ್ತರದ ಪ್ರದೇಶದಲ್ಲಿ ಗಾಳಿ ವಿರಳವಾಗಿ ಮಿಶ್ರಣ ದಟ್ಟವಾಗುತ್ತದೆ. ತಗ್ಗಿಗೆ ಇಳಿದಾಗ ಅಥವಾ ಚಳಿಯಲ್ಲಿ ಗಾಳಿ ಸಾಂದ್ರವಾಗಿ ಮಿಶ್ರಣ ತೆಳುವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸರಿಸುಮಾರು ಶೇಕಡಾ 8ರಷ್ಟು ಕಡಿಮೆ. ಅಲ್ಲಿ ಅಂಚಿನವರೆಗೆ ತೆಳುವಾಗಿ ಹೊಂದಿಸಿದ ಸ್ಕೂಟರ್ ಮಂಗಳೂರಿನಲ್ಲಿ ಇನ್ನಷ್ಟು ತೆಳುವಾಗಿ ಓಡುತ್ತದೆ. ಲೆಕ್ಕದ ಪ್ರಕಾರ ಈ ವ್ಯತ್ಯಾಸ ಜೆಟ್ಟಿನ ವ್ಯಾಸದಲ್ಲಿ ಶೇಕಡಾ 2ರಷ್ಟು, ಅಂದರೆ 116ರ ಬದಲು 118. ದೂರದ ಪ್ರವಾಸಕ್ಕೆ ಹೊಂದಿಸುವಾಗ ದಾರಿಯ ಅತ್ಯಂತ ತಗ್ಗಿನ, ತಂಪಾದ ಸ್ಥಳವನ್ನು ಗಣನೆಗೆ ತೆಗೆದುಕೊಳ್ಳಬೇಕು.

ಎಥೆನಾಲ್ ಬೆರೆತ ಪೆಟ್ರೋಲ್ ಮತ್ತೊಂದು ಅಂಶ. ಶೇಕಡಾ 20ರಷ್ಟು ಎಥೆನಾಲ್ ಇರುವ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಇ20 ಪೂರ್ಣವಾಗಿ ಉರಿಯಲು ಸುಮಾರು 13.5 ಪಾಲು ಗಾಳಿ ಸಾಕು. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಜೆಟ್ಟಿನಲ್ಲಿ ಇ20 ಹಾಕಿದರೆ ಮಿಶ್ರಣ ತೆಳುವಾಗುತ್ತದೆ. ಅಂದಾಜು ಲೆಕ್ಕದಲ್ಲಿ ಜೆಟ್ಟಿನ ವ್ಯಾಸ ಶೇಕಡಾ 4ರಷ್ಟು ಹೆಚ್ಚಬೇಕು. 116ರ ಸ್ಥಾನದಲ್ಲಿ 120 ಅಥವಾ 121ರ ಸುಮಾರಿನ ಜೆಟ್ ಬೇಕಾಗುತ್ತದೆ. ಅಂತಿಮ ನಿರ್ಣಯ ಪ್ಲಗ್ ಪರೀಕ್ಷೆಯದ್ದೇ. ಎಥೆನಾಲ್ ಹಳೆಯ ರಬ್ಬರ್ ಪೈಪು ಮತ್ತು ಸೀಲ್‌ಗಳನ್ನು ಕೆಡಿಸಬಲ್ಲದು, ತೇವಾಂಶವನ್ನೂ ಹೀರಿಕೊಳ್ಳುತ್ತದೆ. ಬಹುಕಾಲ ನಿಲ್ಲಿಸುವ ಸ್ಕೂಟರಿನ ಫ್ಲೋಟ್ ಬಟ್ಟಲನ್ನು ಬರಿದುಮಾಡಿಡುವುದು ಒಳಿತು.

ಸುರಕ್ಷತೆ ಮತ್ತು ಕಾನೂನು

ಪರೀಕ್ಷಾ ಓಟದಲ್ಲಿ ಸವಾರನ ಎಡಗೈ ಬೆರಳುಗಳು ಸದಾ ಕ್ಲಚ್ ಮೇಲಿರಬೇಕು. ಎಂಜಿನಿನ ದನಿ ಬಿಗಿದಂತಾದ ಕೂಡಲೇ, ಅಥವಾ ಥ್ರಾಟಲ್ ಬದಲಿಸದೆಯೇ ವೇಗ ಕುಗ್ಗಿದರೆ, ಕ್ಲಚ್ ಹಿಡಿದು ಹಿಂದಿನ ಚಕ್ರವನ್ನು ಎಂಜಿನಿನಿಂದ ಬಿಡಿಸಬೇಕು. 8ರಿಂದ 10 ಅಂಗುಲದ ಚಿಕ್ಕ ಚಕ್ರಗಳಿರುವ ಸ್ಕೂಟರಿನಲ್ಲಿ ಹಿಂದಿನ ಚಕ್ರ ಒಮ್ಮೆಲೇ ನಿಂತರೆ ಹತೋಟಿ ತಪ್ಪುತ್ತದೆ. ಉದ್ದನೆಯ ಘಾಟಿ ಇಳಿಯುವಾಗ ಥ್ರಾಟಲ್ ಪೂರ್ತಿ ಮುಚ್ಚಿ ಎಂಜಿನಿನಿಂದಲೇ ವೇಗ ತಡೆದರೆ, ಸುತ್ತುಗಳು ಹೆಚ್ಚಿದ್ದರೂ ಪೆಟ್ರೋಲಿನೊಡನೆ ಬರುವ ಎಣ್ಣೆ ನಿಂತುಹೋಗುತ್ತದೆ. ಆಗಾಗ ಥ್ರಾಟಲನ್ನು ಸ್ವಲ್ಪ ತೆರೆಯುವುದು ಅಥವಾ ಕ್ಲಚ್ ಹಿಡಿದು ಎಂಜಿನನ್ನು ನಿಂತಲ್ಲಿ ಓಡುವ ಸ್ಥಿತಿಗೆ ತರುವುದು ಇದಕ್ಕೆ ಪರಿಹಾರ. ಜೆಟ್ ಬದಲಿಸುವಾಗ ಪೆಟ್ರೋಲ್ ನಲ್ಲಿಯನ್ನು ಮುಚ್ಚಿ, ಎಂಜಿನ್ ತಣಿದ ನಂತರವೇ ಬಟ್ಟಲನ್ನು ಬಿಚ್ಚಬೇಕು.

ಭಾರತದಲ್ಲಿ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರು ಸೂಚಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಎಂಜಿನ್ ಸಾಮರ್ಥ್ಯ ಅಂತಹ ವಿವರಗಳಲ್ಲಿ ಒಂದು. ಹೊಗೆ ತಪಾಸಣೆಯ ಮಿತಿಯೂ ಅನ್ವಯಿಸುವುದರಿಂದ, ರಸ್ತೆಯಲ್ಲಿ ಓಡುವ ಸ್ಕೂಟರಿನ ಐಡಲ್ ಮಿಶ್ರಣವನ್ನು ಅನಗತ್ಯವಾಗಿ ದಟ್ಟವಾಗಿಡುವಂತಿಲ್ಲ.

ಇವನ್ನೂ ನೋಡಿ

• ಕಾರ್ಬ್ಯುರೇಟರ್
• ಟೂ-ಸ್ಟ್ರೋಕ್ ಎಂಜಿನ್
• ವೆಸ್ಪಾ
• ಲ್ಯಾಂಬ್ರೆಟ್ಟಾ
• ಬಜಾಜ್ ಚೇತಕ್